ಆಸ್ಪತ್ರೆ ಇಲ್ಲದ ಸಿನಿಮಾ

ಮೊಮ್ಮಗಳು ಮನೆಗೆ ಬಂದಳು. ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ, ಶಿವಮೊಗ್ಗದಿಂದ, ಬಾಡಿಗೆ ಕಾರಿನಲ್ಲಿ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತೊಂದು ದಿನ ಇದ್ದವಳು ಈಗ ನಮ್ಮ ನಡುಕೋಣೆಯಲ್ಲಿ, ಹಳೆ ಸೀರೆ ಹಾಸಿದ ಮೊರದಲ್ಲಿ ಮಲಗಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆಯುತ್ತ ಹೋದರೆ ಮುಖ್ಯವಾದದ್ದೇ ಬಿಟ್ಟುಹೋದೀತು.

ಸಂತೋಷ ಎಷ್ಟಾಗಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ಕಾಲು ಇದೆ ಎಂದು ಗೊತ್ತಿರುತ್ತದೆ, ನೆಲ ಮಾತ್ರ ತಾಗುವುದಿಲ್ಲ. ಹಾಗಿದೆ.

ನಾನು ಕಿಗ್ಗದವನು. ಮದುವೆ, ಮುಂಜಿಗೆ ಅಡುಗೆ ಮಾಡುವುದು ಕಸುಬು. ಸೊಸೆಗೆ ಎಂಟನೆಯ ತಿಂಗಳಲ್ಲೇ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮಗು ಒಂದು ಅಚ್ಚು ಬೆಲ್ಲದಷ್ಟು ತೂಕ ಇತ್ತಂತೆ. ಬಸ್ ಡ್ರೈವರ್ ಆದ ಮಗ ರಜೆ ಹಾಕಿ ಅಲ್ಲೇ ಉಳಿದ. ನಾನೂ ಬರುತ್ತೇನೆ ಎಂದದ್ದಕ್ಕೆ ಫೋನಿನಲ್ಲಿ, "ಬಂದು ಎಂತ ಮಾಡ್ತೀರಿ ಅಪ್ಪಯ್ಯ? ಒಳಗೆ ಬಿಡೂದು ತಾಯಿ ಒಬ್ಬಳನ್ನೇ. ಏನಿದ್ರೂ ಫೋನ್ ಮಾಡ್ತೆ" ಎಂದ.

ಮನೆಯಲ್ಲಿ ಮಗು ಹುಟ್ಟಿದರೆ ಹತ್ತು ದಿನ ಪುರುಡು. ಆ ಹತ್ತು ದಿನ ನಾನು ಇನ್ನೊಬ್ಬರ ಮನೆಯ ಪಾತ್ರೆ ಮುಟ್ಟುವ ಹಾಗಿಲ್ಲ. ಕೊಪ್ಪದಲ್ಲಿ ಒಪ್ಪಿಕೊಂಡಿದ್ದ ಮದುವೆಯನ್ನು ಬೇರೆ ಅಡುಗೆಯವರಿಗೆ ವಹಿಸಿದೆ. ಕೈಗೆ ಕೆಲಸ ಇಲ್ಲದೆ ಕೂತವನು ಮಗ ತಂದಿಟ್ಟಿದ್ದ ಸಿ.ಡಿ. ಪ್ಲೇಯರ್ ಹಾಕಿದೆ. ಹಾಗೆ ಶುರುವಾದದ್ದು ನನ್ನ ಸಿನಿಮಾ ನೋಡುವ ಕೆಲಸ.

ನೋಡಿದ್ದೆಲ್ಲ ಶಬ್ದ ಇಲ್ಲದೆ. ಹೋದ ವರ್ಷ ಸಿಡಿಲು ಬಡಿದ ಮೇಲೆ ನಮ್ಮ ಫೋನು ಸರಿಯಾಗಿ ಹೊಡೆದುಕೊಳ್ಳುವುದಿಲ್ಲ, ಜಿರಳೆ ಹರಿದ ಹಾಗೆ ಕಿರ್ ಎನ್ನುತ್ತದೆ. ಟಿ.ವಿ. ಶಬ್ದಕ್ಕೆ ಅದು ಕೇಳದೆ ಹೋದರೆ ಎಂದು ಸೊನ್ನೆಗೆ ಇಳಿಸಿಬಿಟ್ಟಿದ್ದೆ. ಆದ್ದರಿಂದ ಮಾತು ಹೇಗಿತ್ತು, ಹಾಡು ಹೇಗಿತ್ತು ಎಂದು ಕೇಳಬೇಡಿ.

ಮೊದಲನೆಯದರಲ್ಲಿ ಮದುವೆ ನಿಂತುಹೋಯಿತು. ತಾಳಿ ಕಟ್ಟುವ ಹೊತ್ತಿಗೆ ಒಬ್ಬ ಓಡಿ ಬಂದು ಕೈ ಎತ್ತಿದ. ಎಲ್ಲರೂ ಹುಡುಗಿಯ ಮುಖ ನೋಡುತ್ತಾರೆ, ಮುಗಿಯಿತು. ಒಳಗೆ ಮುನ್ನೂರು ಜನಕ್ಕೆ ಅನ್ನ ಬಸಿದಿಟ್ಟಿದ್ದನ್ನು ಯಾರು ಉಂಡರು? ಅದನ್ನು ತೋರಿಸಲೇ ಇಲ್ಲ. ಕಥೆ ಚೆನ್ನಾಗಿಲ್ಲ.

ಎರಡನೆಯದು ಹೊಡೆದಾಟದ್ದು. ಹೀರೋ ಒಬ್ಬ, ರೌಡಿಗಳು ಹನ್ನೆರಡು. ಹನ್ನೆರಡೂ ಜನ ಒಟ್ಟಿಗೆ ಅವನ ಮೇಲೆ ಬೀಳುವುದು ಬಿಟ್ಟು, ಎರಡನೆಯ ಪಂಕ್ತಿಗೆ ಕಾಯುವವರ ಹಾಗೆ ಸುತ್ತ ನಿಂತು ಒಬ್ಬೊಬ್ಬರೇ ಬರುತ್ತಾರೆ. ಶಿಸ್ತಿನ ಜನ. ಇದು ಅಡ್ಡಿಲ್ಲ.

ಮೂರನೆಯದು ಹಿಮದ ಮೇಲೆ ಕುಣಿಯುವುದು. ಹೀರೋ ಕೋಟು ಹಾಕಿಕೊಂಡಿದ್ದ, ಹುಡುಗಿಗೆ ಮಾತ್ರ ತೆಳು ಸೀರೆ. ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಥಂಡಿ ಆಗ್ತದೆ ಅವಳಿಗೆ. ಅಲ್ಲಿ ಯಾರೂ ಹೇಳುವವರು ಇಲ್ವಾ?" ಎಂದಳು. ಮಗುವಿಗೆ ಬೆಚ್ಚಗಿರಲಿ ಎಂದೇ ಅಲ್ಲವೇ ಆಸ್ಪತ್ರೆಯ ಆ ಗಾಜಿನ ಪೆಟ್ಟಿಗೆ.

ನಾಲ್ಕನೆಯದರಲ್ಲಿ ತಾಯಿಗೆ ಕಾಯಿಲೆ. ನನ್ನವಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳತೊಡಗಿದಳು.

"ಶಬ್ದವೇ ಇಲ್ಲ, ಎಂತಕ್ಕೆ ಅಳ್ತೀಯ ಮಾರಾಯ್ತಿ?"

"ಮುಖ ನೋಡಿದ್ರೆ ಗೊತ್ತಾಗೂದಿಲ್ವಾ? ನೀವು ಒಬ್ರು, ಒರಳುಕಲ್ಲಿನ ಹಾಗೆ ಕೂತಿದ್ದೀರಿ."

ನಿಜ, ನನಗೆ ಏನೂ ಆಗಲಿಲ್ಲ. ಆದರೆ ಡಾಕ್ಟರು ಬಾಗಿಲು ತೆರೆದು ಹೊರಗೆ ಬಂದು ಕನ್ನಡಕ ತೆಗೆದದ್ದೇ, ನಾನು ಎದ್ದು ಹೋಗಿ ಬಂದ್ ಮಾಡಿದೆ. ಆ ತಾಯಿ ಉಳಿದಳೋ ಇಲ್ಲವೋ ಗೊತ್ತಿಲ್ಲ.

ಮಾರನೆಯ ದಿನ ಶೃಂಗೇರಿಯ ಸಿ.ಡಿ. ಅಂಗಡಿಗೆ ಅದನ್ನು ವಾಪಸು ಕೊಟ್ಟು, ಆಸ್ಪತ್ರೆ ಇಲ್ಲದ ಸಿನಿಮಾ ಕೊಡು ಎಂದೆ.

ಅಂಗಡಿಯವನು ನಕ್ಕ. "ಆಸ್ಪತ್ರೆ ಇಲ್ದೆ ಎಂತ ಸಿನಿಮಾ ಭಟ್ರೆ? ಕಡೆಗೆ ಎಲ್ರನ್ನೂ ಒಟ್ಟು ಸೇರಿಸೂದು ಎಲ್ಲಿ ಮತ್ತೆ?"

"ಮೊಮ್ಮಗು ಆಸ್ಪತ್ರೆಯಲ್ಲಿದೆ ಮಾರಾಯ."

ಅವನು ನಗು ನಿಲ್ಲಿಸಿ ತುಂಬ ಹೊತ್ತು ಹುಡುಕಿದ. ಸಿಕ್ಕಿದ್ದು ಒಂದು ದೇವರ ಸಿನಿಮಾ. ಅದರಲ್ಲೂ ಒಂದು ಮಗುವಿಗೆ ಹಾವು ಕಚ್ಚಿತು. ದೇವರು ಬಂದು ಎಬ್ಬಿಸಿದರು, ಆದರೆ ಬಹಳ ತಡಮಾಡಿ ಬಂದರು. ಅಷ್ಟು ತಡ ಮಾಡಬಾರದಿತ್ತು.

ಪುರುಡು ಕಳೆದು ಪುಣ್ಯಾಹ ಆದ ಮೇಲೂ ಕೆಲಸ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಹೋದ ವಾರ ಒಣಶುಂಠಿ, ಓಮ, ಹಿಪ್ಪಲಿ ತರಲು ಕೊಪ್ಪಕ್ಕೆ ಹೋದೆ. ಸೊಸೆಗೆ ತಾಯಿ ಇಲ್ಲ, ಬಾಣಂತನ ನಮ್ಮಲ್ಲೇ ಆಗಬೇಕು. ಸಾಮಾನು ತಂದಿಡಿ ಎಂದಿದ್ದಳು ಹೆಂಡತಿ. ತಂದರೆ ಮಗು ಬರುತ್ತದೆ ಎಂದು ಅವಳು ನಂಬಿದ್ದಳೋ ಏನೋ. ಬಸ್ಸಿಗೆ ಹೊತ್ತಿತ್ತು, ಟಾಕೀಸಿನೊಳಗೆ ಹೋಗಿ ಕೂತೆ. ಎಷ್ಟೋ ದಿನಗಳ ಮೇಲೆ ಶಬ್ದ ಇರುವ ಸಿನಿಮಾ. ಪಕ್ಕದವರೆಲ್ಲ ನಗುತ್ತಿದ್ದರು, ನಗುವಂಥದ್ದೇ ಇತ್ತು. ನನಗೆ ಮಾತ್ರ, ಈ ಗದ್ದಲದಲ್ಲಿ ಮನೆಯ ಫೋನು ಹೇಗೆ ಕೇಳೀತು ಎಂಬ ಯೋಚನೆ. ಹದಿನೈದು ಮೈಲಿ ಆಚೆಯ ಫೋನು. ಇಂಟರ್‌ವಲ್ಲಿಗೆ ಎದ್ದು ಬಂದು ಬೂತಿನಿಂದ ಮನೆಗೆ ಫೋನ್ ಮಾಡಿದೆ.

"ಎಲ್ಲಿದ್ದೀರಿ ಮಾರಾಯ್ರೆ?" ಎಂದಳು ಹೆಂಡತಿ. "ಈಗಷ್ಟೇ ಆಸ್ಪತ್ರೆಯಿಂದ ನಮ್ಮ ಮಾಣಿ ಫೋನ್ ಮಾಡಿದ್ದ. ಕೂಸು ತಾನೇ ಹಾಲು ಎಳೀತಂತೆ. ಪೆಟ್ಟಿಗೆಯಿಂದ ಹೊರಗೆ ತೆಗೀತಾರಂತೆ."

ನಾನು ಹೂಂ ಎಂದೆ.

"ಬರೇ ಹೂಂ?"

"ಓಮ ಚೆನ್ನಾಗಿದ್ದದ್ದು ಸಿಕ್ತು" ಎಂದೆ. ಆ ಸಿನಿಮಾದ ಅರ್ಧ ಚೆನ್ನಾಗಿತ್ತು. ಉಳಿದರ್ಧವೂ ಚೆನ್ನಾಗಿರಬಹುದು.

ಇವತ್ತು ಕಾರು ನಿಂತಾಗ ಹೆಂಡತಿ ಆರತಿ ಎತ್ತಿದಳು. ಮಗ ಮಗುವನ್ನು ನನ್ನ ಕೈಗೆ ಕೊಡಲು ಬಂದ. ನಾನು ಬೇಡವೆಂದು ಹಿಂದೆ ಸರಿದೆ. "ಸಾವಿರ ಜನಕ್ಕೆ ಬಡಿಸಿದ ಕೈ, ಇಷ್ಟು ಹಿಡಿಯೂಕೆ ಹೆದರಿಕೆಯಾ ಅಪ್ಪಯ್ಯ?" ಎಂದ. ಹಿಡಿದುಕೊಂಡೆ. ಬೆಚ್ಚಗಿತ್ತು. ಅಷ್ಟೇ ನೆನಪು.

ಸಂಜೆ ನಾನೇ ಅಡುಗೆಗೆ ನಿಂತೆ. ಬಾಣಂತಿಗೆ ಮೆಣಸಿನ ಸಾರು, ನಮಗೆ ಹೆಸರುಬೇಳೆ ಪಾಯಸ. ಬಡಿಸುವವನು ಕಡೆಗೆ ಉಣ್ಣುವುದು ನನ್ನ ರೂಢಿ. ಇವತ್ತು ಹೆಂಡತಿ ಕೇಳಲಿಲ್ಲ, ನಾಲ್ಕು ಎಲೆಗಳನ್ನೂ ಸಾಲಾಗಿ ಹಾಕಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾನೂ ಕೂತಳು. ಮಗ ಮೂರು ಸಲ ಪಾಯಸ ಹಾಕಿಸಿಕೊಂಡ. ಸೊಸೆ ಆಸ್ಪತ್ರೆಯಲ್ಲಿ ದಿನಕ್ಕೆ ಅರ್ಧ ಚಪಾತಿಯನ್ನೂ ತಿನ್ನುತ್ತಿರಲಿಲ್ಲ ಎಂದು ಅವನೇ ಹೇಳಿದ.

ಅವಳು ತಲೆ ಎತ್ತದೆ ಉಣ್ಣುತ್ತಿದ್ದಳು. "ಮಾವ, ಇನ್ನೊಂದು ಸೌಟು ಸಾರು" ಎಂದಳು.

ಎದ್ದು ಬಡಿಸಿ ಬಂದು ಕೂತೆ. ನನ್ನ ಎಲೆಯಲ್ಲಿ ಅನ್ನ ಆರಿತ್ತು. ಕಲಸಿಕೊಂಡು ಉಂಡೆ.