ಸಂತೆಬಾಚಹಳ್ಳಿಯ ಸೀಗಡಿ, ತಿಮ್ಮದಾಸಯ್ಯನವರ ಶಂಖ

ಮನುಷ್ಯನ ಸಕಲ ಜ್ಞಾನವೂ ಕೊನೆಗೆ ಒಂದೇ ಪ್ರಶ್ನೆಯ ಮುಂದೆ ಬಂದು ಕೈಕಟ್ಟಿ ನಿಲ್ಲುತ್ತದೆ: ಇದು ಎಲ್ಲಿಂದ ಬಂತು? ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಒಣ ಸೀಗಡಿಯ ವಿಷಯದಲ್ಲಿ.

ಎತ್ತಿದವಳು ನನ್ನ ಅಣ್ಣನ ಮಗಳು ಭಾಗ್ಯ. ಕರಾವಳಿಯ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಾಳೆ. ವಿಷಯ, ಬೆನ್ನುಮೂಳೆ ಇಲ್ಲದ ಕಡಲಜೀವಿಗಳು. (ಮೂಳೆ ಇರುವುದನ್ನು ಓದಿದವರೇ ಕೆಲಸವಿಲ್ಲದೆ ಕೂತಿದ್ದಾರೆ ಎಂದು ನಮ್ಮಣ್ಣ ಹೇಳಿ ನೋಡಿದ. ಪ್ರಯೋಜನವಾಗಲಿಲ್ಲ.)

ಆ ಕಾಲೇಜಿನಲ್ಲೊಂದು ಮ್ಯೂಸಿಯಂ ಇದೆಯಂತೆ. ಕಡಲಜೀವಿಗಳನ್ನು ಗುರುತಿಸಿ, ಹೆಸರಿಟ್ಟು, ಕೆಡದಂತೆ ಕಾಪಾಡುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ಇಡೀ ತರಗತಿಗೆ ಒಂದೇ ಸೀಟು. ಅದಕ್ಕೆ ಅವಳ ಗೈಡ್ ಮೇಡಂ ಇಟ್ಟ ಪರೀಕ್ಷೆ ವಿಚಿತ್ರವಾಗಿತ್ತು. ರಜೆಗೆ ಊರಿಗೆ ಹೋಗಿ. ಬರುವಾಗ ನಿಮ್ಮ ಊರಿನಲ್ಲೇ ಸಿಕ್ಕ ಒಂದು ಕಡಲಜೀವಿ ತನ್ನಿ. ಅದು ಏನು, ಎಲ್ಲಿಯದು, ಯಾರ ಕೈಯಿಂದ ಬಂತು, ಹೇಳಬೇಕು. ಹೇಳಲಾಗದಿದ್ದರೆ ಅದು ಸ್ಪೆಸಿಮನ್ ಅಲ್ಲ, ಕಸ.

ಉಳಿದ ಹುಡುಗ ಹುಡುಗಿಯರಿಗೆ ಹಿತ್ತಲ ಬಾಗಿಲು ತೆಗೆದರೆ ಸಮುದ್ರ. ಭಾಗ್ಯಳ ಮನೆ ಕೃಷ್ಣರಾಜಪೇಟೆಯಲ್ಲಿ.

ಮೊದಲು ಸಂತೆಬಾಚಹಳ್ಳಿ ಸಂತೆಗೆ ಹೋದೆವು. ಒಣಮೀನಿನ ಸಾಬರ ಮೂಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಇವಳು ಒಂದೊಂದೇ ಸೀಗಡಿ ಎತ್ತಿ ನೋಡತೊಡಗಿದಳು.

“ಚಿಕ್ಕಪ್ಪ, ಒಂದಕ್ಕೂ ತಲೆ ಇಲ್ಲ. ತಲೆ ಇಲ್ದೆ ಯಾವ ಜಾತಿ ಅಂತ ಹೇಳೋಕಾಗಲ್ಲ.”

“ತಲೆ ಮೂಟೇಲೇ ಪುಡಿ ಆಗೋಗ್ತದೆ ಬೇಟಿ,” ಅಂದರು ಸಾಬರು. “ಸಾರಿಗೆ ಜಾತಿ ಯಾಕ್ ಬೇಕು? ಮೇಷ್ಟ್ರೇ, ಹುಡುಗೀಗೆ ಗಂಡು ನೋಡ್ತಿದ್ದೀರೋ, ಸೀಗಡಿ ನೋಡ್ತಿದ್ದೀರೋ?”

ಆಮೇಲೆ ನೆಂಟರ ಮನೆಗಳ ಮೇಲೆ ದಂಡೆತ್ತಿದೆವು. ಪಾಲಹಳ್ಳಿಯ ಅತ್ತೆಯ ಮನೆಯಲ್ಲಿ ಚೌಕಾಬಾರದ ಕವಡೆಗಳಿದ್ದವು. ಎಲ್ಲಿಂದ ಬಂದವು? “ಮೊದ್ಲಿಂದ್ಲೂ ಅವೆ.” ಪಾಂಡವಪುರದ ನನ್ನ ಷಡ್ಡಕನ ಶೋಕೇಸಿನಲ್ಲಿ ಕಪ್ಪೆಚಿಪ್ಪು ಅಂಟಿಸಿ ಮಾಡಿದ ಗಣಪತಿ ಇತ್ತು. ಅದು? “ಮೊದ್ಲಿಂದ್ಲೂ ಅದೆ.” (ಮನೆ ಕಟ್ಟಿಸಿ ಎರಡು ವರ್ಷವಾಗಿಲ್ಲ.)

ಗಮನಿಸಿದ್ದೀರಾ? ನಮ್ಮ ಮನೆಗಳಲ್ಲಿ ಯಾವ ವಸ್ತುವೂ ಎಲ್ಲಿಂದಲೂ ಬಂದಿರುವುದಿಲ್ಲ. ಬೀಸುವ ಕಲ್ಲು, ಗೋಡೆ ಗಡಿಯಾರ, ಅಟ್ಟದ ಮೇಲಿನ ಟ್ರಂಕು, ಎಲ್ಲವೂ ಮೊದಲಿಂದ ಇವೆ. ಸೃಷ್ಟಿಯ ದಿನವೇ ಜಾಗ ಹಿಡಿದು ಕೂತವು.

ರಜೆಯ ಕೊನೆಯ ಶನಿವಾರ ಭಾಗ್ಯ ಬರಿಗೈಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಶ್ರಾವಣ. ಬಾಗಿಲಲ್ಲಿ ಶಂಖದ ದನಿ ಎದ್ದಿತು. ನಾಗಮಂಗಲದ ಕಡೆಯ ತಿಮ್ಮದಾಸಯ್ಯನವರು. ಶ್ರಾವಣ ಶನಿವಾರಗಳಲ್ಲಿ ಮನೆಮನೆಗೆ ಬಂದು ಶಂಖ ಊದಿ, ಜಾಗಟೆ ಬಾರಿಸಿ, ಅಕ್ಕಿ ಪಡೆದು ಹೋಗುವವರು. ಭಾಗ್ಯ ಮೊರದಲ್ಲಿ ಅಕ್ಕಿ ತಂದಳು. ತಂದವಳು ಹಾಕಲಿಲ್ಲ. ಶಂಖದ ಬಾಯನ್ನೇ ನೋಡುತ್ತ ನಿಂತುಬಿಟ್ಟಳು.

“ಯಾಕವ್ವ, ದನಿ ಸರಿಬರ್ನಿಲ್ವ?”

“ಅಜ್ಜ, ಒಂದ್ನಿಮಿಷ ಕೊಡಿ. ಕೆಳಗಿಟ್ಟು ನೋಡಿ ಕೊಡ್ತೀನಿ.”

“ಸಂಕ ನೆಲ ಮುಟ್ಟಂಗಿಲ್ಲ ಕಣವ್ವ. ಬ್ಯಾರೇರ್ ಕೈಗೂ ಕೊಡಂಗಿಲ್ಲ. ನನ್ ಕೈಲೇ ನೋಡು.”

ಹೀಗೆ ವಿಜ್ಞಾನ ಶುರುವಾಯಿತು. ಇವಳು ಬ್ಯಾಟರಿ ಬಿಡುವುದು, ಅವರು ಶಂಖ ತಿರುಗಿಸುವುದು. ಎಡಕ್ಕೆ ಅಜ್ಜ. ಇನ್ನೂ ಎಡಕ್ಕೆ. ಮೊರದ ಅಕ್ಕಿ ಜಗುಲಿಯ ತುಂಬ. ನಾನೂ ಬಗ್ಗಿ ನೋಡಿದೆ. ಬಾಯ ಒಳಮೈಗೆ ಶಾವಿಗೆ ಎಳೆಯಷ್ಟು ದಪ್ಪದ, ಸೊಟ್ಟಗಿನ ಬಿಳಿ ಕೊಳವೆಯೊಂದು ಅಂಟಿತ್ತು.

“ಹುಳದ ಮನೆ ಚಿಕ್ಕಪ್ಪ! ಕಡಲ ಹುಳ. ಸುಣ್ಣದಲ್ಲಿ ಕೊಳವೆ ಕಟ್ಕೊಂಡು ಒಳಗೇ ಇರುತ್ತೆ.” ಬ್ಯಾಟರಿ ಆರಿಸಿದಳು. “ಅಜ್ಜ, ಈ ಶಂಖ ಎಲ್ಲಿಂದ ಬಂತು?”

ನಾನು ಕಣ್ಣು ಮುಚ್ಚಿದೆ. ಈಗ ‘ಮೊದ್ಲಿಂದ್ಲೂ ಅದೆ’ ಅನ್ನುತ್ತಾರೆ, ಮುಗಿಯಿತು.

“ನಮ್ಮಪ್ಪ ರಾಮೇಸ್ವರಕ್ಕೆ ಓಗಿದ್ದಾಗ ಕಡಲ ದಡದಾಗೆ ಬಿದ್ದಿತ್ತಂತೆ, ಎತ್ಕಂಡ್ ಬಂದ,” ಅಂದರು ದಾಸಯ್ಯನವರು. “ಯಾವನೂ ನಂಬ್ನಿಲ್ಲ. ಅಂಗ್ಡೀಲಿ ಕೊಂಡ್ಕಂಡು ಬಂದು ಬುರುಡೆ ಬುಡ್ತಾವ್ನೆ ಅಂತ ನಗಾಡೋರು. ಅವ್ನು ಸಾಯೋಗಂಟ ನಗಾಡುದ್ರು.”

“ಅಂಗಡಿ ಶಂಖ ಸಾಮಾನ್ಯವಾಗಿ ಹೀಗಿರಲ್ಲ ಅಜ್ಜ. ಅದನ್ನ ಜೀವ ಇರುವಾಗಲೇ ಹಿಡಿದು ತರ್ತಾರೆ. ಜೀವ ಇದ್ರೆ ಬಾಯೊಳಗೆ ಹುಳ ಮನೆ ಕಟ್ಟೋಕೆ ಜಾಗ ಎಲ್ಲಿರುತ್ತೆ? ಇದರ ಜೀವ ತಾನಾಗೇ ಹೋಗಿದೆ. ಖಾಲಿ ಚಿಪ್ಪು ಕಡಲಲ್ಲೇ ಬಿದ್ದಿದ್ದಾಗ ಹುಳ ಸೇರ್ಕೊಂಡಿದೆ. ಆಮೇಲೆ ಅಲೆ ದಡಕ್ಕೆ ತಂದಿದೆ.”

ದಾಸಯ್ಯನವರು ಶಂಖವನ್ನು ತಮ್ಮ ಕಡೆಗೆ ತಿರುಗಿಸಿ ಬಾಯೊಳಗೆ ಇಣುಕಿದರು. ಆಮೇಲೆ ಅಂದರು: “ಇನ್ನೊಂದ್ ಸಲ ಯೋಳವ್ವ.”

ಹೇಳಿದಳು. ಮೇಡಂ ಇಟ್ಟ ಪರೀಕ್ಷೆಯ ವಿಷಯವನ್ನೂ ಹೇಳಿದಳು. ಆದರೆ ಸ್ಪೆಸಿಮನ್ ಸಿಕ್ಕಿತೆಂದರೆ ಸಾಕೆ? ಕೊಂಡೊಯ್ಯುವುದು ಹೇಗೆ? ಇಲ್ಲಿ ನಾನು ಮಧ್ಯೆ ಪ್ರವೇಶಿಸಿ, ಸೂಜಿಯಲ್ಲಿ ಮೀಟಿ ಆ ಕೊಳವೆಯನ್ನಷ್ಟೇ ಕಿತ್ತುಕೊಂಡರಾಯಿತು ಎಂಬ ಸಲಹೆ ಕೊಟ್ಟೆ. ಇಬ್ಬರೂ ನನ್ನನ್ನು ಒಂದೇ ರೀತಿ ನೋಡಿದರು.

“ಕಿತ್ರೆ ಅದು ಸುಣ್ಣದ ಚೂರು ಚಿಕ್ಕಪ್ಪ. ಅಲ್ಲೇ ಇದ್ರೇನೇ ಅದಕ್ಕೊಂದು ಕತೆ.”

“ಮೇಷ್ಟ್ರಾಗಿ ಇಂಗಂತೀರಲ್ಲ,” ಅಂದರು ದಾಸಯ್ಯನವರು. ಭಾಗ್ಯಳ ಮುಖ ನೋಡಿದರು. ಜಾಗಟೆಯನ್ನು ಹೆಗಲಿಗೇರಿಸಿದರು. “ಸಂಕವ ಕೊಡಾಕಿಲ್ಲ ಕಣವ್ವ. ನಾನೇ ಬತ್ತೀನಿ ಬುಡು. ನಿಮ್ ದೊಡ್ ಮೇಡಮ್ಮೂ ಆ ಮಾತ ಅಂದದಾ, ಕೇಳ್ಬೇಕು. ಮುಂದಿನ್ ಸನಿವಾರಕ್ಕೆ ನಾನು ಊರಾಗಿರ್ಬೇಕು, ಅಷ್ಟೇಯ.”

ಹಾಗೆ ಬಸ್ಸು ಹತ್ತಿದ ಕಡಲಜೀವಿ ಒಂದು, ಕಾವಲಿಗೆ ಮೂವರು. ಹಾಸನದಲ್ಲಿ ಬಸ್ಸು ಬದಲಿಸಿದರೂ ದಾಸಯ್ಯನವರು ಶಂಖವನ್ನು ಎದೆಯಿಂದ ಇಳಿಸಲಿಲ್ಲ. ಕಂಡಕ್ಟರು ಬಂದು ನೋಡಿದ.

“ಅದೇನ್ ಯಜಮಾನ್ರೇ, ಲಗೇಜಾ?”

“ಸಂಕ ಕಣಪ್ಪ.”

“ಸಂಕಕ್ಕೆ ಟಿಕೇಟಿಲ್ಲ. ಘಾಟಿ ಇಳಿಯೋಗಂಟ ಊದ್ಬ್ಯಾಡಿ, ಡ್ರೈವರು ಬೆದರ್ತಾನೆ.”

ಮ್ಯೂಸಿಯಂ ಎಂದರೆ ಗೋಡೆಯುದ್ದಕ್ಕೂ ಜಾಡಿ, ಜಾಡಿಯಲ್ಲಿ ಬಿಳಿಚಿಕೊಂಡ ಜೀವಿಗಳು, ಮೂಗಿಗೆ ಹೊಡೆಯುವ ಸ್ಪಿರಿಟ್ಟಿನ ವಾಸನೆ. “ಇಷ್ಟೊಂದ್ ಉಪ್ಪಿನ್ಕಾಯ ಯಾರ್ ಉಂಡಾರು?” ಎಂದು ದಾಸಯ್ಯನವರು ನನ್ನ ಕಿವಿಯಲ್ಲಿ ಕೇಳಿದರು. ಉಳಿದ ಹುಡುಗರು ತಂದ ನಕ್ಷತ್ರಮೀನು, ಏಡಿ, ಬಣ್ಣಬಣ್ಣದ ಚಿಪ್ಪುಗಳು ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ನಮ್ಮದು ಶಾವಿಗೆ ಎಳೆ.

ಗೈಡ್ ಮೇಡಂ ಕನ್ನಡಕ ಏರಿಸಿಕೊಂಡು ಬಂದರು. ಕೈ ಚಾಚಿದರು.

“ಕೆರ ಬುಟ್ಬುಟ್ಟು ಬನ್ರವ್ವ,” ಅಂದರು ದಾಸಯ್ಯನವರು.

ಮೇಡಂ ಒಂದು ಕ್ಷಣ ನಿಂತು ಚಪ್ಪಲಿ ಬಿಟ್ಟರು.

“ನಿನ್ನ ಸ್ಪೆಸಿಮನ್ ಯಾವುದಮ್ಮ? ಶಂಖವೋ, ಹುಳವೋ?”

“ಹುಳ ಇರೋ ಶಂಖ ಮೇಡಂ. ಬೇರೆ ಮಾಡಿಲ್ಲ.”

“ಎಲ್ಲಿಯದು?”

ಭಾಗ್ಯ ಪಕ್ಕಕ್ಕೆ ಸರಿದಳು. ದಾಸಯ್ಯನವರು ಅಪ್ಪನ ರಾಮೇಶ್ವರದ ಕತೆಯನ್ನು ಹೇಳಿದರು, ನಗಾಡಿದವರ ಸಮೇತ. ಮೇಡಂ ಭೂತಗನ್ನಡಿ ಹಿಡಿದು ಅವರ ಕೈಯಲ್ಲಿದ್ದ ಶಂಖಕ್ಕೆ ಮುಖವಿಟ್ಟರು. ಎಡಕ್ಕೆ ಅಂದರು. ಇನ್ನೂ ಎಡಕ್ಕೆ ಅಂದರು. ಆಮೇಲೆ ನೆಟ್ಟಗಾದರು.

“ನಿಮ್ಮ ತಂದೆ ಹೇಳಿದ್ದು ನಿಜ ಇರಬೇಕು. ಇದು ದಡದಲ್ಲಿ ಸಿಕ್ಕಿದ್ದು ಅಂತಲೇ ನನಗೂ ಕಾಣುತ್ತೆ.”

ದಾಸಯ್ಯನವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಶಂಖವನ್ನು ಬಾಯಿಗಿಟ್ಟು ಊದಿದರು. ಜಾಡಿಗಳೆಲ್ಲ ಜುಮ್ಮೆಂದವು. ಪಕ್ಕದ ಕ್ಲಾಸು ಪೂರ್ತಿ ಬಾಗಿಲಿಗೆ ಬಂತು. ಇಲ್ಲಿ ಬರೆಯಬಾರದು, ಆದರೂ ಬರೆಯುತ್ತೇನೆ: ನನ್ನ ಮೈಮೇಲಿನ ಕೂದಲು ನಿಂತಿತು.

ಹೊರಗೆ ಬಂದ ಮೇಲೆ, ಇಷ್ಟು ದೂರ ಬಂದಿದ್ದೇವೆ, ಕಡಲು ನೋಡಿ ಹೋಗೋಣವೇ ಅಂದೆ.

“ನೋಡಾನ ಬುಡಿ ಇನ್ನೊಂದ್ಸಲ. ಸನಿವಾರ ಬಂದ್ಬುಡ್ತದೆ. ಬಸ್ ಯಾವಾಗ್ಲೋ ಕೇಳಿ ಮೇಷ್ಟ್ರೇ.”

ಭಾಗ್ಯಳಿಗೆ ಸೀಟು ಸಿಕ್ಕಿತು. ಮ್ಯೂಸಿಯಂನಲ್ಲಿ ಈಗ ಆ ಶಂಖದ ಫೋಟೋ ಇದೆ. ಕೆಳಗಿಡಲು ಒಪ್ಪದ ಕಾರಣ ಫೋಟೋದಲ್ಲಿ ತಿಮ್ಮದಾಸಯ್ಯನವರೂ ಇದ್ದಾರೆ.