ರೇಸ್ ಕಾರಿಗೊಂದು ಹೋಲ್ಡಾನ್

ನಮ್ಮ ಮಾವನವರು ಮೊನ್ನೆ ಡ್ರೈವಿಂಗ್ ಬಿಟ್ಟರು. ಅದೂ ಎರಡನೇ ಸಲ!

ಮೊದಲ ಸಲ ಬಿಟ್ಟಿದ್ದು ಸಿಟಿ ಬಸ್ಸಿನ ಕೆಲಸದಿಂದ ರಿಟೈರ್ ಆದಾಗ. ಬನಶಂಕರಿಯಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಬನಶಂಕರಿ. ಕಂಡಕ್ಟರ್ 'ಹೋಲ್ಡಾನ್' ಅಂದರೆ ನಿಲ್ಲಿಸುವುದು, 'ರೈಟ್' ಅಂದರೆ ಹೊರಡುವುದು. ಸರ್ವೀಸೆಲ್ಲ ಅದರಲ್ಲೇ ಕಳೆದಿತ್ತು. ಈ ಸಲ ಬಿಟ್ಟಿದ್ದು ತ್ಯಾಗರಾಜನಗರದ ನಮ್ಮ ಮನೆಯ ಹಾಲಿನಲ್ಲಿ, ಹಳೇ ಕಂಪ್ಯೂಟರಿನ ಮುಂದೆ.

ನಮ್ಮೆಜಮಾನರು ಸಿಡಿ ತಂದು ಹಾಕಿದ್ದ ಕಾರ್ ರೇಸ್ ಗೇಮ್ ಅದು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ನುಣುಪಾದ ರಸ್ತೆ (ಒಂದೇ ಒಂದು ಗುಂಡಿ ಇಲ್ಲ, ಅದಕ್ಕೇ ಅದನ್ನು ಗೇಮ್ ಅನ್ನುವುದು). ಸಂಜೆ ಮಾವ ಕೀಬೋರ್ಡ್ ಮುಂದೆ ಕೂತರೆ ಮುಖದಲ್ಲಿ ಏನು ಕಳೆ ಅಂತೀರಿ! ಅಡುಗೆಮನೆಯಲ್ಲಿದ್ದ ನನಗೂ ಕಡಲ ಗಾಳಿ ಬೀಸಿದಂತಾಗುತ್ತಿತ್ತು.

ಆದರೆ ಗೇಮ್ ಹೊಸದು, ಕಂಪ್ಯೂಟರ್ ಹಳೆಯದು. ತಿರುವಿನಲ್ಲಿ ಚಿತ್ರ ನಿಂತು ನಿಂತು ಓಡುತ್ತಿತ್ತು. ಬ್ರೇಕ್ ಒತ್ತಿದರೆ, ಕಾರು ಸಮುದ್ರಕ್ಕೆ ಬಿದ್ದ ಮೇಲೆ ಬ್ರೇಕ್ ಬೀಳುತ್ತಿತ್ತು.

"ಕಂಪ್ಯೂಟರ್ ಸ್ಲೋ ಮಾವ," ಅಂದೆ.

"ಗಾಡಿ ಮೇಲೆ ತಪ್ಪು ಹಾಕ್ಬಾರ್ದು ಕಣಮ್ಮ. ನನ್ ಕೈಯೇ ನಿಧಾನ ಆಗೋಗಿದೆ," ಅಂತ ಎದ್ದೇಬಿಟ್ಟರು. ಒಂದು ಆಕ್ಸಿಡೆಂಟೂ ಮಾಡದ ಡ್ರೈವರ್ ಅವರು. ಆಮೇಲೆ ಸುಮ್ಮನೆ ಕೂತು ಬೆರಳು ಮಡಚಿ, ಬಿಡಿಸಿ ನೋಡಿಕೊಳ್ಳತೊಡಗಿದರು. ಏನಾದರೂ ಮಾಡಿ ಅಂತ ಯಜಮಾನರ ಬೆನ್ನು ಬಿದ್ದೆ.

"ಸಿಪಿಯು ಚೇಂಜ್ ಮಾಡ್ಸೋಣ ಬಿಡು," ಅಂದರು ಅವರು.

ಮಾವ ರೇಗಿಬಿಟ್ಟರು. "ಆಯುಧಪೂಜೇಲಿ ಕುಂಕುಮ ಇಟ್ಟಿರೋ ಡಬ್ಬಾನ ಆಚೆ ಹಾಕ್ತೀಯೇನೋ?"

(ನಮ್ಮ ಮನೆಯಲ್ಲಿ ಇಡೀ ಡಬ್ಬಕ್ಕೇ ಸಿಪಿಯು ಅನ್ನುವುದು. ನಿಮ್ಮನೆಯಲ್ಲೂ ಹಾಗೇ ಅಲ್ವಾ?)

ರಿಪೇರಿಯ ಮಂಜು ಬಂದು ಡಬ್ಬ ಬಿಚ್ಚಿ ತೋರಿಸಿದಾಗಲೇ ಅವರಿಗೆ ಸಮಾಧಾನ. ಬದಲಾಯಿಸಬೇಕಿದ್ದ ಅಸಲಿ ಸಿಪಿಯು, ಅಂದರೆ ಒಳಗಿನ ಪ್ರೊಸೆಸರ್, ಒಂದು ಬಿಸ್ಕೆಟ್ಟಿನಷ್ಟಿತ್ತು. ಮಂಜು ಹೊಸದನ್ನು ಕೂರಿಸಿ, ಮೇಲೆ ಬಿಳಿ ಪೇಸ್ಟ್ ಸವರಿದ.

"ಏನಪ್ಪಾ, ವೀಳ್ಯದೆಲೆಗೆ ಸುಣ್ಣಾನಾ?" ಮಾವ ಕೇಳಿದರು.

"ತಲೆ ಬಿಸಿ ಆಗ್ಬಾರ್ದು ಅಂತ ಅಂಕಲ್."

"ಹಂಗಾದ್ರೆ ನಮ್ ಸೊಸೆಗೂ ಒಂಚೂರು ಹಚ್ಚು!"

(ನೋಡಿ, ಇವರಿಗೋಸ್ಕರ ಗಲಾಟೆ ಮಾಡಿದವಳು ನಾನು!)

ಡಬ್ಬ ಮುಚ್ಚಿದ್ದಾಯಿತು, ಕುಂಕುಮ ಹಾಗೇ ಇತ್ತು. ಮಾವ ಹಿಂಜರಿಯುತ್ತಲೇ ಕೂತರು. ತಿರುವು ಬಂತು, ಬ್ರೇಕ್ ಒತ್ತಿದರು. ಕಾರು ನಿಂತಿತು. ಹೊರಡಿಸಿ ಮತ್ತೆ ಒತ್ತಿದರು. ಮತ್ತೆ ನಿಂತಿತು.

"ನನ್ ಕೈ ಸರಿಯಾಗೇ ಇದೆ ಕಣಮ್ಮ!" ಅಂತ ಹತ್ತೂ ಬೆರಳು ಬಿಡಿಸಿ ತೋರಿಸಿದರು. ನನಗೆ ಅಳು, ನಗು ಎರಡೂ ಬಂತು.

ಆಮೇಲೆ ಅವರು ಗೆದ್ದರು ಅಂದುಕೊಂಡಿರಾ? ಉಳಿದ ಕಾರುಗಳೆಲ್ಲ ಸುಯ್ ಅಂತ ಹೋಗಿ ಮಾಯವಾದವು. ಮಾವ ಮಾತ್ರ ಬಲಗಡೆ ಸಮುದ್ರ ನೋಡುತ್ತ, ಆರಾಮಾಗಿ ಹೋಗುತ್ತಿದ್ದರು. ನಾವೆಲ್ಲ ಸ್ಪೀಡ್ ಸ್ಪೀಡ್ ಅಂತ ಸಾಯುತ್ತೇವೆ, ಅವರಿಗೆ ಅದು ಬೇಕಾಗಿದ್ದು ನಿಧಾನವಾಗಿ ಹೋಗುವುದಕ್ಕೆ.

ಒಂದು ಕಡೆ ತೆಂಗಿನ ಮರದ ಕೆಳಗೆ ಕಾರು ನಿಂತೇಬಿಟ್ಟಿತು. ಅಲೆ ಬಂತು, ಹೋಯಿತು. ಮತ್ತೆ ಬಂತು. ಕಾರು ಅಲ್ಲೇ.

"ಮತ್ತೆ ಕೆಟ್ಟೋಯ್ತಾ ಮಾವ?" ಗಾಬರಿಯಿಂದ ಓಡಿ ಬಂದೆ.

"ಇಲ್ಲಮ್ಮ, ಸ್ಟಾಪು. ನೀನು ರೈಟ್ ಅನ್ನದೇ ಹೆಂಗ್ ಹೊರಡ್ಲಿ?"