ಅತ್ತೆ ಸೊಸೆಯ ಬಿಳಿ ಮಚ್ಚೆ

ಭಂಕೂರದ ಪೀರಮ್ಮ ಮದುವೆಯಾಗಿ ಬಂದಾಗಿನಿಂದ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲಿಗೆ ಪಾಲಿಶ್ ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಕಲ್ಲಿನ ರಾಡಿಯಲ್ಲಿ ನಿಂತು ದುಡಿಯುವವಳಿಗೆ ಕೆನ್ನೆಯೊಳಗೆ ಸುಣ್ಣ ಹಚ್ಚಿದ ತಂಬಾಕು ಇರಲೇಬೇಕಿತ್ತು. ಮಗ ಸುರೇಶಕುಮಾರನ ಹೆಂಡತಿ ಲುಂಬಿನಿ ಬಂದ ಮೇಲೆ ಅವಳನ್ನೂ ಅದೇ ಕೆಲಸಕ್ಕೆ ಕರೆದೊಯ್ದಳು. ಹೊಸದರಲ್ಲೇ ಒಮ್ಮೆ ಲುಂಬಿನಿಗೆ ಹಲ್ಲುನೋವು ಶುರುವಾಗಿ ನಿಲ್ಲಲಾಗಲಿಲ್ಲ. ಅರ್ಧಕ್ಕೇ ಮನೆಗೆ ಹೋದರೆ ಕೆಲಸ ಹೋದೀತೆಂದು ಪೀರಮ್ಮ ತಂಬಾಕು ತಿಕ್ಕಿ, ತನ್ನ ಕೈಯಾರೆ ಸೊಸೆಯ ಎಡ ದವಡೆಗೆ ಒತ್ತಿದಳು. ನೋವು ಇಳಿಯಿತು, ಚಟ ಹತ್ತಿತು.

ವರ್ಷಗಳು ಕಳೆದವು. ಹೋದ ಬೇಸಿಗೆಯಲ್ಲಿ ಊರಿಗೆ ಬಂದ ದಂತವೈದ್ಯೆ ಶಿವರಂಜನಿ ಇಬ್ಬರ ಬಾಯಲ್ಲೂ ಬಿಳಿ ಮಚ್ಚೆ ಕಂಡು ಕಲಬುರಗಿಯ ತಮ್ಮ ಆಸ್ಪತ್ರೆಗೆ ಕರೆಸಿದರು. ಮಚ್ಚೆಯಿಂದ ಚೂರು ತೆಗೆದು ಪರೀಕ್ಷೆಗೆ ಕೊಟ್ಟರು. ಕ್ಯಾನ್ಸರ್ ಇರಲಿಲ್ಲ. ಆದರೆ ಮುಂದೆ ಯಾರದು ಕೆಡಬಹುದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದರಷ್ಟೇ ತಿಳಿಯುವಂತಿರಲಿಲ್ಲ. ಎರಡೂ ಒಂದೇ ಥರ ಕಾಣುತ್ತಿದ್ದವು. ಹಾಗಾಗಿ ಅವೇ ಚೂರುಗಳಿಗೆ ಬೇರೆ ಬಣ್ಣ ಹಾಕಿ, ಜೀವಕೋಶದೊಳಗಿನ ಕೆಲವು ಗುರುತುಗಳನ್ನು ಹುಡುಕುವ ಇನ್ನೊಂದು ಪರೀಕ್ಷೆ ಮಾಡಿಸಿದರು.

ಫಲಿತಾಂಶ ಬಂದಾಗ ಡಾಕ್ಟರು ಮೆಲ್ಲಗೆ ಹೇಳಿದರು: ಪೀರಮ್ಮನ ಮಚ್ಚೆ ಕ್ಯಾನ್ಸರಿಗೆ ತಿರುಗುವ ಸಂಭವ ಕಡಿಮೆ, ಲುಂಬಿನಿಯದು ಹೆಚ್ಚು.

ಪೀರಮ್ಮ ಕುರ್ಚಿ ಬಿಟ್ಟು ಎದ್ದಳು. "ಇಬ್ಬರದೂ ಅದಲಿ ಬದಲಿ ಆಗ್ಯಾದೇನ್ ನೋಡ್ರಿ ಮೇಡಂ. ತಂಬಾಕ ಕಲಿಸ್ದಾಕಿ ನಾ. ಆ ರೋಗ ನನಗ ಬರಬೇಕ್ರಿ."

ಡಾಕ್ಟರು ಲ್ಯಾಬಿನವರನ್ನು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಅದಲು ಬದಲಾಗಿರಲಿಲ್ಲ. ಇದು ಹಣೆಬರಹವಲ್ಲ, ಮುನ್ಸೂಚನೆ. ಅಪಾಯ ಕಡಿಮೆ ಎಂದರೆ ಇಲ್ಲವೆಂದಲ್ಲ. ಇಬ್ಬರೂ ತಂಬಾಕು ಬಿಟ್ಟು ತಪಾಸಣೆಗೆ ಬರುತ್ತಿರಬೇಕು ಎಂದರು. ಲುಂಬಿನಿಯ ಎಡಗೆನ್ನೆಯೊಳಗಿನ ಮಚ್ಚೆಯನ್ನು ಪೂರ್ತಿ ಕತ್ತರಿಸಿ ತೆಗೆದರು.

ಗಾಯ ಮಾಯುವವರೆಗೆ ಪೀರಮ್ಮ ಸೊಸೆಗೆ ಗಂಜಿ ಆರಿಸಿ ಕೊಟ್ಟಳು. ಸೊಸೆಯ ಜೊತೆ ತಾನೂ ತಂಬಾಕು ಬಿಟ್ಟಳು. ಒಂದು ದಿನ ತಡೆಯಲಾರದೆ, ನಿನ್ನ ಬಾಯಿ ಹಾಳು ಮಾಡಿದವಳು ನಾನೇ ಎಂದುಬಿಟ್ಟಳು.

"ಹಲ್ಲ ಬ್ಯಾನಿಗಿ ನೀವು ಕೊಟ್ಟಿದ್ದು ಒಮ್ಮೆ ಅತ್ತಿ," ಎಂದಳು ಲುಂಬಿನಿ. "ದಿನಾ ಹಾಕ್ಕೊಂಡಾಕಿ ನಾನೇ."

ಸೊಸೆ ಹಾಗೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡದ್ದು ಪೀರಮ್ಮನಿಗೆ ಇನ್ನಷ್ಟು ಭಾರವಾಯಿತು. ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಲುಂಬಿನಿಯನ್ನು ಪ್ರತಿ ತಪಾಸಣೆಗೂ ತಾನೇ ಕರೆದೊಯ್ಯುತ್ತಿದ್ದಳು, ಆದರೆ ತನ್ನ ಸರದಿ ಬಂದರೆ ಹೊರಗಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ತನ್ನ ಬಾಯಿ ನೆಟ್ಟಗಿದೆ ಎನ್ನುವ ಮಾತನ್ನು ಸೊಸೆಯ ಮುಂದೆ ಕೇಳಲು ಅವಳಿಗೆ ಮುಖವಿರಲಿಲ್ಲ.

ಇದು ಲುಂಬಿನಿಗೆ ಗೊತ್ತಾದದ್ದು, ಅತ್ತೆ ಯಾಕೆ ತೋರಿಸಿಕೊಳ್ಳುತ್ತಿಲ್ಲ ಎಂದು ಡಾಕ್ಟರು ವಿಚಾರಿಸಿದಾಗ. ಅವಳು ಹೊರಗೆ ಬಂದು ಅತ್ತೆಯ ಪಕ್ಕ ಕೂತಳು. "ನೀವು ತೋರಿಸ್ಲಿಲ್ಲಂದ್ರ ಇವತ್ತಿನಿಂದ ನಾನೂ ತೋರ್ಸಂಗಿಲ್ಲ. ನಿಮಗೇನರ ಆದ್ರ ಆ ತಪ್ಪು ನನ್ನ ತಲಿಮ್ಯಾಲ ಹಾಕ್ತೀರೇನು?"

ಪೀರಮ್ಮ ಎದ್ದು ಒಳಗೆ ಹೋಗಿ ಬಾಯಿ ತೆರೆದಳು. ಅವಳ ಮಚ್ಚೆ ಸಣ್ಣದಾಗಿತ್ತು. ಲುಂಬಿನಿಯ ಬಾಯಲ್ಲೂ ಸದ್ಯಕ್ಕೆ ಹೊಸದೇನೂ ಇರಲಿಲ್ಲ.

ಈಗ ಇಬ್ಬರೂ ಒಟ್ಟಿಗೇ ತೋರಿಸಿಕೊಂಡು ಬರುತ್ತಾರೆ. ಬಸ್ಸಿನಲ್ಲಿ ಲುಂಬಿನಿ ಏನಾದರೂ ಹೇಳಿ ನಗುತ್ತಾಳೆ. ಪೀರಮ್ಮನೂ ನಗುತ್ತಾಳೆ, ಆದರೆ ಅವಳ ಕಣ್ಣು ಸೊಸೆಯ ಎಡಗೆನ್ನೆಯನ್ನೇ ನೋಡುತ್ತಿರುತ್ತದೆ.